ನಾನು ಅಳಿಸಿದ ಕಾಲಂ

ಮಾದಾಪುರದ ಆಚೆ ಬಂಡೆಗಳನ್ನು ಸಿಡಿಸಿ ಸಮ ಮಾಡಿದ ಜಾಗದಲ್ಲಿ ಎದ್ದಿದ್ದ ಎಂಟು ಮಹಡಿಯ ಗಾಜಿನ ಕಟ್ಟಡ ಅದು. ಸಾಫ್ಟ್‌ವೇರ್ ಕಂಪನಿಯೊಂದು ಅದರಲ್ಲಿ ಬಂದು ಕೂತು ಒಂದು ವರ್ಷ ತುಂಬಿದ ಮೇಲೆ ಕಟ್ಟಡದ ಮಾಲೀಕರಿಂದ ನಮ್ಮ ಕಚೇರಿಗೆ ಪತ್ರ ಬಂತು. ತಂಪು ಮಾಡುವ ಯಂತ್ರಗಳಿಗೆ ವರ್ಷಕ್ಕೆ ಇಷ್ಟು ವಿದ್ಯುತ್ ಬೇಕಾಗುತ್ತದೆ ಎಂದು ನೀವು ಲೆಕ್ಕ ಕೊಟ್ಟಿದ್ದಿರಿ, ಮೀಟರು ಅದಕ್ಕಿಂತ ಮೂರನೇ ಒಂದು ಭಾಗ ಹೆಚ್ಚು ತೋರಿಸುತ್ತಿದೆ, ಕಾರಣ ತಿಳಿಸಿ ಎಂದು. ಆ ಲೆಕ್ಕ ಮಾಡಿದ್ದವಳು ನಾನು.

ಆಗ ನಮ್ಮದು ಒಂಬತ್ತು ಜನರ ಕಚೇರಿ. ಅಮೀರ್‌ಪೇಟ್‌ನಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರಗಳ ನೂರಾರು ಫಲಕಗಳ ನಡುವೆ ನಮ್ಮ ಫಲಕವನ್ನು ಹುಡುಕಬೇಕಾಗಿತ್ತು. ಕಟ್ಟಡ ಏಳುವ ಮೊದಲೇ ಅದು ಎಷ್ಟು ವಿದ್ಯುತ್ ತಿನ್ನುತ್ತದೆ ಎಂದು ಕಂಪ್ಯೂಟರಿನಲ್ಲಿ ಮಾಡೆಲ್ ಮಾಡಿ ಹೇಳುವುದು ನಮ್ಮ ಕೆಲಸ. ಗೋಡೆ ಎಷ್ಟು ದಪ್ಪ, ಗಾಜು ಯಾವ ಜಾತಿಯದು, ಯಾವ ಮಹಡಿಯಲ್ಲಿ ಎಷ್ಟು ಜನ ಎಷ್ಟು ಹೊತ್ತು ಕೂರುತ್ತಾರೆ, ಎಷ್ಟು ಕಂಪ್ಯೂಟರು, ಎಷ್ಟು ದೀಪ, ಎಲ್ಲವನ್ನೂ ತುಂಬಬೇಕು. ವಿಮಾನ ನಿಲ್ದಾಣದಲ್ಲಿ ದಾಖಲಾದ ಒಂದು ವರ್ಷದ ಹವಾಮಾನವನ್ನು ಗಂಟೆಗಂಟೆಗೂ ಕೊಡಬೇಕು. ಆಮೇಲೆ ಚಿಲ್ಲರ್. ಅದು ನೀರನ್ನು ಏಳು ಡಿಗ್ರಿಗೆ ತಣಿಸಿ ಮಹಡಿಗಳಿಗೆ ಕಳಿಸುವ ದೊಡ್ಡ ಯಂತ್ರ. ತಯಾರಕರ ಪಟ್ಟಿಯಿಂದ ಅದರ ಶಕ್ತಿಯನ್ನೂ ಅದು ಎಳೆಯುವ ವಿದ್ಯುತ್ತನ್ನೂ ಸಮೀಕರಣಗಳಾಗಿ ಬರೆಯಬೇಕು. ಗುಂಡಿ ಒತ್ತಿದರೆ ಕಂಪ್ಯೂಟರು ವರ್ಷದ ಪ್ರತಿ ಗಂಟೆಯನ್ನೂ ಬದುಕಿ ಮುಗಿಸಿ ಒಂದು ಸಂಖ್ಯೆ ಕೊಡುತ್ತದೆ.

ನಮ್ಮ ಮುಖ್ಯಸ್ಥರು ಪತ್ರವನ್ನು ನನ್ನ ಮೇಜಿನ ಮೇಲಿಟ್ಟು ತೆಲುಗಿನಲ್ಲಿ ಹೇಳಿದರು: "ಚೂಡಮ್ಮಾ, ಇಲ್ಲಿ ನೋಡು, ನಮ್ಮ ಮಾಡೆಲ್ ಸರಿಯಿದೆ ಎಂದು ನನಗೆ ಗೊತ್ತು. ಕಟ್ಟಡದಲ್ಲಿ ಏನೋ ಬೇರೆ ನಡೀತಿದೆ. ಏನು ಅಂತ ಹುಡುಕಿ ಬಾ."

ಆ ಮಾತು ನನಗೆ ಹಿತವಾಯಿತು. ಹುಡುಕುವ ಮೊದಲೇ ತಪ್ಪು ಹೊರಗಿದೆ ಎಂದು ನಿಶ್ಚಯವಾಗಿಬಿಟ್ಟಿತ್ತು.

ಜುಲೈ ತಿಂಗಳಲ್ಲಿ ಕೆಲಸ ಶುರು ಮಾಡಿದೆ. ಬೆಳಿಗ್ಗೆ ಉಪ್ಪಲ್‌ನ ಮನೆಯಿಂದ ಎರಡು ಬಸ್ಸು ಬದಲಿಸಿ ಕಟ್ಟಡಕ್ಕೆ ಹೋಗುತ್ತಿದ್ದೆ. ಲಿಫ್ಟಿನ ಬಳಿ ನಿಂತು ಪ್ರತಿ ಮಹಡಿಗೆ ಎಷ್ಟು ಜನ ಇಳಿಯುತ್ತಾರೆಂದು ಎಣಿಸಿದೆ. ಸ್ವಿಚ್‌ಬೋರ್ಡುಗಳಲ್ಲಿ ಕರೆಂಟು ಅಳೆದೆ. ಎರಡು ವಾರದಲ್ಲಿ ತಿಳಿದದ್ದು ಇಷ್ಟೇ: ಜನ, ದೀಪ, ಕಂಪ್ಯೂಟರು ಎಲ್ಲವೂ ನಾನು ಊಹಿಸಿದ ಹಾಗೇ ಇವೆ. ಹಾಗಾದರೆ ಉಳಿದದ್ದು ನೆಲಮಾಳಿಗೆಯ ಯಂತ್ರಕೋಣೆ.

ಅಲ್ಲಿ ಮೂರು ಚಿಲ್ಲರುಗಳಿದ್ದವು, ಎರಡು ಓಡಿಸಲು, ಮೂರನೆಯದು ಯಾವುದಾದರೂ ಕೆಟ್ಟರೆ ಇರಲೆಂದು. ಅವುಗಳ ಸದ್ದಿನಲ್ಲಿ ಮಾತಾಡಬೇಕಾದರೆ ಕಿವಿಯ ಹತ್ತಿರ ಬಾಯಿ ತರಬೇಕು. ಹಗಲು ಪಾಳಿಯ ಮುಖ್ಯ ಆಪರೇಟರ್ ಐವತ್ತರ ಆಸುಪಾಸಿನ ಮನುಷ್ಯ, ಕಿವಿಗೆ ಹತ್ತಿ ತುರುಕಿಕೊಂಡು ಪೈಪುಗಳ ನಡುವೆ ಓಡಾಡುತ್ತಿದ್ದರು. ಕಟ್ಟಡದ ಮಾಲೀಕರ ನೌಕರರಲ್ಲ, ನಿರ್ವಹಣೆ ವಹಿಸಿಕೊಂಡಿದ್ದ ಗುತ್ತಿಗೆದಾರರ ಕಡೆಯವರು. ಮೊದಲ ದಿನ ನನ್ನ ಜೊತೆ ಹಿಂದಿಯಲ್ಲೇ ಮಾತಾಡಿದರು. ನಾನು ಹೊರಗೆ ಬಂದು ಫೋನಿನಲ್ಲಿ ಅಪ್ಪನ ಜೊತೆ ಮಾತಾಡುವುದನ್ನು ಕೇಳಿಸಿಕೊಂಡು ಹತ್ತಿರ ಬಂದರು.

"ನೀವು ನಮ್ಮ ಕಡೆಯವರೇನ್ರಿ ಅಕ್ಕಾರ?"

"ಹೌದ್ರಿ ಕಾಕಾ. ಅಪ್ಪಾ ಗದಗ ಕಡೆಯವರು. ನಾ ಹುಟ್ಟಿ ಬೆಳದದ್ದು ಇಲ್ಲೇ ಉಪ್ಪಲ್‌ದಾಗ."

"ನಾವು ರಾಯಚೂರು ಕಡೀಯವ್ರಿ. ಇಲ್ಲಿ ಹಿಂದಿ, ತೆಲುಗು ಆಡಿ ಆಡಿ ನಾಲಿಗಿ ದಣದೈತಿ ನೋಡ್ರಿ." ಅಷ್ಟು ಹೇಳಿ ನನಗೊಂದು ಸ್ಟೂಲು ತಂದು ಹಾಕಿದರು, ಫ್ಯಾನನ್ನು ನನ್ನ ಕಡೆ ತಿರುಗಿಸಿದರು.

ಅವರ ಬಳಿ ಲಾಗ್ ಶೀಟುಗಳ ಹನ್ನೆರಡು ಕಟ್ಟುಗಳಿದ್ದವು. ಪ್ರತಿ ಗಂಟೆಗೆ ಒಂದು ಸಾಲು. ಮಹಡಿಗೆ ಹೋಗುವ ನೀರಿನ ಉಷ್ಣತೆ, ವಾಪಸ್ ಬರುವ ನೀರಿನ ಉಷ್ಣತೆ, ಮೋಟಾರಿನ ಕರೆಂಟು, ಒತ್ತಡ. ಜೊತೆಗೆ ಇನ್ನೊಂದು ಕಾಲಂ: ಟವರಿನಿಂದ ಬರುವ ನೀರಿನ ಉಷ್ಣತೆ. ಟವರ್ ಎಂದರೆ ತಾರಸಿಯ ಮೇಲಿರುವ ಕೂಲಿಂಗ್ ಟವರ್. ಚಿಲ್ಲರು ಮಹಡಿಗಳಿಂದ ಹೀರಿದ ಶಾಖವನ್ನೆಲ್ಲ ಇನ್ನೊಂದು ನೀರು ಹೊತ್ತುಕೊಂಡು ಮೇಲೆ ಹೋಗುತ್ತದೆ, ಟವರಿನಲ್ಲಿ ಮಳೆಯಂತೆ ಸುರಿಯುತ್ತದೆ, ಫ್ಯಾನು ಗಾಳಿ ಎಳೆಯುತ್ತದೆ, ಒಂದಿಷ್ಟು ಆವಿಯಾಗಿ ಉಳಿದದ್ದು ತಣ್ಣಗಾಗಿ ಕೆಳಗೆ ಬರುತ್ತದೆ. ಆ ನೀರು ತಣ್ಣಗಿದ್ದಷ್ಟೂ ಚಿಲ್ಲರಿಗೆ ಸುಖ. ಬಿಸಿಯಾದಷ್ಟೂ ಅದರ ಶಕ್ತಿ ಕುಗ್ಗುತ್ತದೆ, ಹಸಿವು ಹೆಚ್ಚುತ್ತದೆ.

ವರ್ಷದ ಲಾಗ್ ಶೀಟುಗಳನ್ನು ಕಂಪ್ಯೂಟರಿಗೆ ಹತ್ತಿಸಲು ನನಗೆ ಐದು ವಾರ ಹಿಡಿಯಿತು. ಹತ್ತಿಸುತ್ತಾ ಹೋದ ಹಾಗೆ ಒಂದು ವಿಷಯ ಎದ್ದು ಕಂಡಿತು. ನನ್ನ ಮಾಡೆಲ್ ಒಂದೇ ಚಿಲ್ಲರು ಸಾಕು ಎನ್ನುವ ನೂರಾರು ಗಂಟೆಗಳಲ್ಲಿ ಇವರು ಎರಡು ಓಡಿಸಿದ್ದರು.

ಕೇಳಿದೆ.

"ಒಂದರ ಮ್ಯಾಲ ತಡೆಯಂಗಿಲ್ರಿ ಅಕ್ಕಾರ," ಅಂದರು. "ಹನ್ನೊಂದು ಹೊಡೀತು ಅಂದ್ರ ಏಳರಾಗಿನ ನೀರು ಒಂಬತ್ತಕ್ಕ ಏರತೈತಿ. ಮ್ಯಾಲಿಂದ ಫೋನ್ ಮ್ಯಾಲ ಫೋನ್. ಏನ್ ಮಾಡ್ಲಿ? ಎರಡನೇದ್ದು ಚಾಲೂ ಮಾಡ್ತೀನಿ."

"ಪಟ್ಟಿ ಪ್ರಕಾರ ಒಂದಕ್ಕ ಅಷ್ಟು ತಾಕತ್ತು ಐತಲ್ರಿ ಕಾಕಾ?"

"ಪಟ್ಟಿ ನನಗ ಗೊತ್ತಿಲ್ಲ. ಟವರಿಂದ ಬರೋ ನೀರು ಭಾಳ ಬಿಸಿ ಐತ್ರಿ. ಮೂವತ್ನಾಕು, ಮೂವತ್ತೈದು. ಬರದೀನಲ್ರಿ ಶೀಟಿನಾಗ."

ಬರೆದಿದ್ದರು, ನಿಜ. ಆ ಕಾಲಂ ನೋಡಿ ನಾನು ಆಗಲೇ ತಲೆ ಕೆಡಿಸಿಕೊಂಡಿದ್ದೆ. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರು ಗಾಳಿಯಲ್ಲಿ ಎಷ್ಟು ತೋರಿಸುತ್ತದೋ ಅದಕ್ಕಿಂತ ಮೂರು ನಾಲ್ಕು ಡಿಗ್ರಿಯಷ್ಟೇ ಹೆಚ್ಚು ಉಳಿಯುವವರೆಗೆ ಟವರು ನೀರನ್ನು ತಣಿಸಬಲ್ಲದು. ವಿಮಾನ ನಿಲ್ದಾಣದ ದಾಖಲೆಯಲ್ಲಿ ಆ ಒದ್ದೆ ಬಟ್ಟೆಯ ಉಷ್ಣತೆ ಇಪ್ಪತ್ಮೂರು, ಇಪ್ಪತ್ನಾಲ್ಕು. ಅಂದರೆ ನೀರು ಇಪ್ಪತ್ತೆಂಟಕ್ಕೆ ಬರಬೇಕು. ಮೂವತ್ನಾಲ್ಕು ಅಸಾಧ್ಯ. ಮೇಲಾಗಿ ಕೆಲವು ಪಾಳಿಗಳಲ್ಲಿ ಎಂಟು ಗಂಟೆಯೂ ಒಂದೇ ಅಂಕಿ ಬರೆದಿತ್ತು. ನೋಡದೆಯೇ ತುಂಬಿದ್ದು ಎಂದು ಯಾರಿಗಾದರೂ ತಿಳಿಯುತ್ತಿತ್ತು. ಅವು ಇವರ ಪಾಳಿಗಳಲ್ಲ ಎಂಬುದನ್ನು ಆಗ ನಾನು ಬೇರ್ಪಡಿಸಿ ನೋಡಲಿಲ್ಲ.

"ಥರ್ಮಾಮೀಟರ್ ಕೆಟ್ಟಿರಬೇಕ್ರಿ," ಅಂದೆ.

ಅವರು ನನ್ನ ಮುಖ ನೋಡಿದರು. ಆಮೇಲೆ ಎದ್ದುಹೋಗಿ ಪೈಪಿನ ಮೇಲೆ ಅಂಗೈ ಇಟ್ಟರು. "ಥರ್ಮಾಮೀಟರ್ ಕೆಟ್ಟಿದ್ರ ನನ್ನ ಕೈನೂ ಕೆಟ್ಟೈತೇನ್ರಿ? ಬರ್ರಿ, ಇಟ್ಟು ನೋಡ್ರಿ."

ನಾನು ನಕ್ಕು, ಆಯಿತು ನೋಡ್ತೀನಿ ಅಂದೆ. ಹೋಗಿ ಕೈ ಇಡಲಿಲ್ಲ.

ಅಮೀರ್‌ಪೇಟ್‌ಗೆ ವಾಪಸ್ ಬಂದು ಆ ಕಾಲಂ ಅನ್ನು ಪೂರ್ತಿ ಅಳಿಸಿದೆ. ಪಕ್ಕದಲ್ಲಿ 'ಮಾಪಕ ದೋಷ' ಎಂದು ಟಿಪ್ಪಣಿ ಬರೆದೆ. ಅಲ್ಲಿದ್ದ ಅಂಕಿಗಳ ಜಾಗದಲ್ಲಿ ಮಾಡೆಲ್ ಲೆಕ್ಕ ಹಾಕಿದ ಉಷ್ಣತೆಗಳನ್ನು ತುಂಬಿದೆ. ನಮ್ಮ ಕೆಲಸದಲ್ಲಿ ಇದಕ್ಕೆ ದತ್ತಾಂಶ ಶುದ್ಧಿ ಎನ್ನುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ, ಎಲ್ಲರೂ ಮಾಡುತ್ತಾರೆ.

ಮುಂದಿನದು ಮಾಡೆಲನ್ನು ಮೀಟರಿಗೆ ಹೊಂದಿಸುವ ಕೆಲಸ. ತಿಂಗಳು ತಿಂಗಳಿಗೆ ಮಾಡೆಲ್ ಹೇಳುವ ಯೂನಿಟ್ಟುಗಳೂ ಮೀಟರಿನ ಯೂನಿಟ್ಟುಗಳೂ ಹತ್ತಿರ ಬರುವವರೆಗೂ ಒಂದೊಂದೇ ಊಹೆಯನ್ನು ತಿದ್ದುತ್ತಾ ಹೋಗಬೇಕು. ಎರಡು ಯಂತ್ರ ಓಡಿದ ಗಂಟೆಗಳನ್ನು ಇದ್ದ ಹಾಗೇ ಹಾಕಿದೆ. ಎರಡೂ ಅರೆಹೊಟ್ಟೆಯಲ್ಲಿ ಓಡಿ, ಎರಡೆರಡು ಪಂಪು ಸುತ್ತಿ ಒಂದಿಷ್ಟು ವಿದ್ಯುತ್ ಹೆಚ್ಚಾಯಿತು. ಆದರೂ ಸಾಲಲಿಲ್ಲ. ಉಳಿದ ಅಂತರವನ್ನು 'ಇತರೆ ಉಪಕರಣಗಳು' ಎಂಬ ಅಂಕಿಗೆ ಸ್ವಲ್ಪ ಸ್ವಲ್ಪವೇ ಸೇರಿಸಿದೆ. ಎಲ್ಲ ಪಾಪವನ್ನೂ ಹೊರುವ ಇಂಥ ಒಂದು ಅಂಕಿ ಪ್ರತಿ ಮಾಡೆಲ್‌ನಲ್ಲೂ ಇರುತ್ತದೆ. ಸೆಪ್ಟೆಂಬರಿನ ಒಂದು ಮಧ್ಯಾಹ್ನ ಹನ್ನೆರಡು ತಿಂಗಳ ಎರಡು ಗೆರೆಗಳು ಪರದೆಯ ಮೇಲೆ ಒಂದರ ಮೇಲೊಂದು ಕೂತವು. ಖುಷಿಯಿಂದ ಎದ್ದುನಿಂತೆ. ಪಕ್ಕದ ಮೇಜಿನವರನ್ನು ಕರೆದು ತೋರಿಸಿದೆ.

ವರದಿ ಕೊಡುವ ಎರಡು ದಿನ ಮೊದಲು ಮನೆಯಲ್ಲಿ ಊಟಕ್ಕೆ ಕೂತಾಗ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಅಪ್ಪ ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮಾಪಕಗಳನ್ನು ರಿಪೇರಿ ಮಾಡಿ ನಿವೃತ್ತರಾದವರು. ರೊಟ್ಟಿ ಮುರಿಯುತ್ತಾ ಕೇಳಿದರು:

"ಥರ್ಮಾಮೀಟರ್ ಸುಳ್ಳ ಹೇಳಾಕತ್ತೈತಿ ಅಂತ ಹೆಂಗ ಗೊತ್ತಾತು?"

"ಲೆಕ್ಕಕ್ಕ ಕೂಡಲಿಲ್ಲಪ್ಪಾ."

"ಬಾಜೂಕ ಇನ್ನೊಂದು ಹಚ್ಚಿ ನೋಡಿದೇನು?"

"ಇಲ್ಲ."

"ಮತ್ತ ಲೆಕ್ಕಾನ ಸುಳ್ಳ ಹೇಳಿರಬಹುದಲ್ಲ?"

ನನಗೆ ಸಿಟ್ಟು ಬಂತು. ಎರಡು ತಿಂಗಳ ಕೆಲಸ, ವರ್ಷದ ಅಷ್ಟೂ ಗಂಟೆಗಳು, ಹೊಂದಿ ಕೂತ ಗೆರೆಗಳು. "ನಿನಗಿದು ತಿಳಿಯಂಗಿಲ್ಲ ಬಿಡಪ್ಪಾ," ಅಂದೆ. ಅವರು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.

ವರದಿ ಹೋಯಿತು. ನಲವತ್ತು ಪುಟ. ನಿರ್ಣಯದ ಪುಟದಲ್ಲಿ ಒಂದು ಸಾಲು: 'ಹೆಚ್ಚುವರಿ ವಿದ್ಯುತ್ ಬಳಕೆಗೆ ಮುಖ್ಯ ಕಾರಣ ಯಂತ್ರಕೋಣೆಯ ನಿರ್ವಹಣಾ ಪದ್ಧತಿ. ಅಗತ್ಯವಿಲ್ಲದಾಗಲೂ ಎರಡು ಚಿಲ್ಲರುಗಳನ್ನು ಓಡಿಸಲಾಗುತ್ತಿದೆ.'

ಅಕ್ಟೋಬರಿನಲ್ಲಿ ಅಳತೆ ಮಾಡುವಾಗ ಬಿಟ್ಟುಬಂದಿದ್ದ ಒಂದು ಕೇಬಲ್ ವಾಪಸ್ ತರಲು ನಾನು ಹೋದಾಗ ಯಂತ್ರಕೋಣೆಯಲ್ಲಿ ಬೇರೊಬ್ಬ ಆಪರೇಟರ್ ಇದ್ದ. ಗೋಡೆಯ ಮೇಲೆ ಹೊಸ ಸೂಚನೆ ಅಂಟಿಸಿತ್ತು. ಹೊರೆ ಇಷ್ಟು ಮೀರುವವರೆಗೆ ಒಂದೇ ಯಂತ್ರ. ಮೊದಲಿನವರು ಎಲ್ಲಿ ಎಂದು ಕೇಳಿದೆ. "ನಿಕಾಲ್ ದಿಯಾ," ಅಂದ, ತೆಗೆದುಹಾಕಿದರು ಎಂದು. ಕಟ್ಟಡದ ವ್ಯವಸ್ಥಾಪಕರನ್ನು ಕಂಡು ವಿಚಾರಿಸಿದೆ. ಅವರು ಸೌಮ್ಯ ಮನುಷ್ಯ, ಹಿಂದಿಯಲ್ಲಿ ಮೆಲ್ಲಗೆ ಹೇಳಿದರು: "ನಿಮ್ಮ ವರದಿ ತುಂಬಾ ಸ್ಪಷ್ಟವಾಗಿತ್ತು ಮೇಡಂ. ಗುತ್ತಿಗೆದಾರರಿಗೆ ಕಳಿಸಿದೆವು, ಅವರು ಕ್ರಮ ತಗೊಂಡರು."

ಬಸ್ಸಿನಲ್ಲಿ ಬರುವಾಗ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ನಾನು ಬರೆದದ್ದು ಪದ್ಧತಿಯ ಬಗ್ಗೆ, ಮನುಷ್ಯರ ಬಗ್ಗೆ ಅಲ್ಲ. ಚಳಿಗಾಲದಲ್ಲಿ ಮೀಟರೂ ಸ್ವಲ್ಪ ಇಳಿಯಿತು. ಒಂದೇ ಯಂತ್ರ ಓಡುತ್ತಿತ್ತು, ಯಾರೂ ದೂರಲಿಲ್ಲ. ನಮ್ಮ ಮುಖ್ಯಸ್ಥರು ಆ ವರದಿಯನ್ನು ಬೇರೆ ಗಿರಾಕಿಗಳಿಗೆ ಮಾದರಿಯಾಗಿ ತೋರಿಸುತ್ತಿದ್ದರು.

ಏಪ್ರಿಲ್ ಎರಡನೇ ವಾರ ಫೋನು ಬಂತು. ಒಂಟಿ ಚಿಲ್ಲರು ಹೆಚ್ಚಿನ ಒತ್ತಡದಿಂದ ತಾನೇ ನಿಂತುಬಿಟ್ಟಿದೆ. ಎರಡನೆಯದನ್ನು ಚಾಲೂ ಮಾಡುವಷ್ಟರಲ್ಲಿ ಮಹಡಿಗಳು ಮೂವತ್ತೆರಡು ಡಿಗ್ರಿ ದಾಟಿವೆ, ಎರಡು ಮಹಡಿಯ ಜನರನ್ನು ಮನೆಗೆ ಕಳಿಸಿದ್ದಾರೆ. ಮಾರನೇ ದಿನವೂ ಹಾಗೇ ಆಯಿತು. ಮೂರನೇ ದಿನ ನನ್ನನ್ನು ಕರೆಸಿದರು.

ಯಂತ್ರಕೋಣೆಗೆ ಹೋದವಳು ಯಾವ ಅಂಕಿಯನ್ನೂ ನೋಡುವ ಮೊದಲು ಟವರಿನಿಂದ ಬರುವ ಪೈಪಿನ ಮೇಲೆ ಅಂಗೈ ಇಟ್ಟೆ. ನಾನು ಕೈ ಇಟ್ಟದ್ದು ಅದೇ ಮೊದಲು. ಸ್ನಾನದ ನೀರಿನ ಹಾಗೆ ಬೆಚ್ಚಗಿತ್ತು.

ಸಂಜೆ ಮನೆಗೆ ಹೋಗಿ ಅಪ್ಪನ ಹತ್ತಿರ ಪಾದರಸದ ಎರಡು ಥರ್ಮಾಮೀಟರು ಕೇಳಿದೆ. ಅವರು ಪೆಟ್ಟಿಗೆಯಿಂದ ನಾಲ್ಕು ತೆಗೆದು, ಒಂದೇ ಲೋಟದ ನೀರಿನಲ್ಲಿ ಅದ್ದಿ, ಒಂದೇ ಅಂಕಿ ತೋರಿಸಿದ ಎರಡನ್ನು ಆರಿಸಿದರು. ಅವನ್ನು ಒಂದು ಮರದ ಪಟ್ಟಿಗೆ ಜೋಡಿಸಿ, ಒಂದರ ಬುಡಕ್ಕೆ ತೆಳು ಬಟ್ಟೆ ಸುತ್ತಿ, ಕೈಯಲ್ಲಿ ಹಿಡಿದು ಗರಗರ ತಿರುಗಿಸಲು ಬರುವ ಹಾಗೆ ಹಿಡಿಕೆ ಮಾಡಿಕೊಟ್ಟರು. "ಬಟ್ಟಿ ಆರಬಾರದು ನೋಡು. ಒಂದು ಸಲಕ್ಕ ನಂಬಬ್ಯಾಡ, ಮೂರು ಸಲ ತಿರುಗಿಸು," ಎಂದಷ್ಟೇ ಹೇಳಿದರು.

ಮರುದಿನ ಮಧ್ಯಾಹ್ನ ಎರಡಕ್ಕೆ ತಾರಸಿ ಹತ್ತಿದೆ. ಇಲ್ಲಿ ಒಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ಕೂಲಿಂಗ್ ಟವರುಗಳ ನಾಲ್ಕೂ ಬದಿಗೆ ಅಲ್ಯೂಮಿನಿಯಂ ಹಲಗೆಗಳ ಎತ್ತರದ ಮರೆಗೋಡೆ ಇತ್ತು. ಟವರುಗಳು ರಸ್ತೆಗೆ ಕಾಣಬಾರದು, ಗೋಡೆಯ ಮೇಲೆ ಕಂಪನಿಯ ಹೆಸರು ದೊಡ್ಡದಾಗಿ ಬರಬೇಕು ಎಂದು ಅದನ್ನು ನಕ್ಷೆಗೆ ಕೊನೆಯಲ್ಲಿ ಸೇರಿಸಿದ್ದರು. ಆ ಸಭೆಯಲ್ಲಿ ನಾನಿದ್ದೆ. ಇದರಿಂದ ನಿಮ್ಮ ಮಾಡೆಲ್‌ಗೆ ಏನಾದರೂ ವ್ಯತ್ಯಾಸ ಆಗುತ್ತದೆಯೇ ಎಂದು ವಾಸ್ತುಶಿಲ್ಪಿ ಕೇಳಿದ್ದರು. ಇಲ್ಲ ಎಂದಿದ್ದೆ. ಸುಳ್ಳೇನೂ ಅಲ್ಲ. ನಾನು ಬಳಸುತ್ತಿದ್ದ ತಂತ್ರಾಂಶದಲ್ಲಿ ಟವರಿನ ಪಕ್ಕ ಗೋಡೆ ಇದೆಯೋ ಬಯಲಿದೆಯೋ ಎಂದು ಹೇಳಲು ಜಾಗವೇ ಇರಲಿಲ್ಲ. ಅದರ ಟವರು ಸದಾ ವಿಮಾನ ನಿಲ್ದಾಣದ ಬಯಲು ಗಾಳಿಯನ್ನೇ ಉಸಿರಾಡುತ್ತಿತ್ತು.

ಮರೆಗೋಡೆಯ ಹೊರಗೆ ನಿಂತು ಪಟ್ಟಿಯನ್ನು ತಿರುಗಿಸಿದೆ. ಒದ್ದೆ ಬಟ್ಟೆ ಇಪ್ಪತ್ಮೂರೂವರೆ. ಮೂರು ಸಲವೂ ಅಷ್ಟೇ. ವಿಮಾನ ನಿಲ್ದಾಣದ ದಾಖಲೆ ಸರಿಯಾಗಿಯೇ ಇತ್ತು. ಸಣ್ಣ ಬಾಗಿಲಿನಿಂದ ಒಳಗೆ ಹೋದೆ. ಹೋದೊಡನೆ ಕನ್ನಡಕ ಮಂಜಾಯಿತು. ಟವರು ಮೇಲಿನಿಂದ ಉಗುಳಿದ ಹಬೆಗಾಳಿ ಗೋಡೆಗೆ ಬಡಿದು ಕೆಳಗಿಳಿದು ಮತ್ತೆ ಅದರ ಬಾಯಿಗೇ ಹೋಗುತ್ತಿತ್ತು. ತಿರುಗಿಸಿದೆ. ಇಪ್ಪತ್ತೊಂಬತ್ತು. ಬಟ್ಟೆ ಮತ್ತೆ ಒದ್ದೆ ಮಾಡಿಕೊಂಡು ತಿರುಗಿಸಿದೆ. ಇಪ್ಪತ್ತೊಂಬತ್ತು. ಮೂರನೇ ಸಲವೂ ಅಷ್ಟೇ.

ಕೆಳಗೆ ಹೋಗಿ, ಪೈಪಿನಲ್ಲಿ ಥರ್ಮಾಮೀಟರ್ ಇಡುವ ಗುಳಿಯೊಳಗೆ ಎಣ್ಣೆ ಬಿಟ್ಟು, ಅಪ್ಪನದೊಂದನ್ನು ಪಟ್ಟಿಯಿಂದ ಬಿಚ್ಚಿ ಇಳಿಸಿದೆ. ಮೂವತ್ಮೂರೂವರೆ. ಪಕ್ಕದಲ್ಲಿದ್ದ ಹಳೆಯದು, ನಾನು ಸುಳ್ಳೆಂದು ಬರೆದದ್ದು, ಮೂವತ್ನಾಲ್ಕು ತೋರಿಸುತ್ತಿತ್ತು. ಅರ್ಧ ಡಿಗ್ರಿಯ ವ್ಯತ್ಯಾಸ.

ಅಳಿಸಿದ ಕಾಲಂ ಅನ್ನು ಲಾಗ್ ಶೀಟುಗಳಿಂದ ಮತ್ತೆ ಹತ್ತಿಸಲು ಹತ್ತು ದಿನ ಬೇಕಾಯಿತು. ಈ ಸಲ ಸಹಿ ನೋಡಿಕೊಂಡು ಪಾಳಿವಾರು ಬೇರೆ ಮಾಡಿದೆ. ಒಂದೇ ಅಂಕಿಯನ್ನು ಎಂಟು ಗಂಟೆ ಬರೆದದ್ದು ಬೇರೆಯವರು. ರಾಯಚೂರಿನ ಕಾಕಾನ ಪಾಳಿಯಲ್ಲಿ ಪ್ರತಿ ಗಂಟೆಯ ಅಂಕಿಯೂ ಬೇರೆ ಬೇರೆ, ಬಿಸಿಲು ಏರಿದಂತೆ ಏರಿ ಇಳಿದಂತೆ ಇಳಿದಿತ್ತು. ಆ ಉಷ್ಣತೆಗಳನ್ನು ಕೊಟ್ಟೆ. ಬಿಸಿ ನೀರು, ಕೊಳವೆಬಾವಿಯ ಗಡಸು ನೀರು, ಅದರಿಂದ ಯಂತ್ರದ ಕೊಳವೆಗಳಲ್ಲಿ ಕಟ್ಟಿದ ಸುಣ್ಣದ ಪದರ ಎಲ್ಲ ಸೇರಿ ಚಿಲ್ಲರಿನ ಶಕ್ತಿ ಕಾಲುಭಾಗದಷ್ಟು ಕುಗ್ಗಿತು. 'ಇತರೆ ಉಪಕರಣಗಳು' ಎಂಬಲ್ಲಿ ನಾನು ತುರುಕಿದ್ದನ್ನೆಲ್ಲ ತೆಗೆದುಹಾಕಿದೆ. ಗೆರೆಗಳು ಆಗಲೂ ಒಂದರ ಮೇಲೊಂದು ಕೂತವು. ತಪ್ಪು ಮಾಡೆಲ್ ಎಷ್ಟು ಚೆನ್ನಾಗಿ ಹೊಂದಿತ್ತೋ ಸರಿಯಾದದ್ದೂ ಅಷ್ಟೇ ಚೆನ್ನಾಗಿ ಹೊಂದಿತು. ಗೆರೆ ನೋಡಿ ಯಾವುದು ಯಾವುದೆಂದು ನಾನೇ ಹೇಳಲಾರೆ.

ಕೊನೆಯಲ್ಲಿ ಇನ್ನೊಂದು ಕೆಲಸ ಮಾಡಿದೆ. ಎರಡನೇ ಯಂತ್ರ ಬೇಕು ಎಂದು ಮಾಡೆಲ್ ಹೇಳುವ ಗಂಟೆಗಳ ಪಕ್ಕ ಕಾಕಾ ಅದನ್ನು ಚಾಲೂ ಮಾಡಿದ ಗಂಟೆಗಳನ್ನು ಇಟ್ಟು ನೋಡಿದೆ. ಹೆಚ್ಚುಕಡಿಮೆ ಒಂದೇ. ಎಷ್ಟೋ ದಿನ ಮಾಡೆಲ್ ಕೇಳಿದ ಮೇಲೂ ಅವರು ಇನ್ನೂ ಒಂದು ಗಂಟೆ ಒಂದೇ ಯಂತ್ರದ ಮೇಲೆ ಎಳೆದಿದ್ದರು. ವಿದ್ಯುತ್ ಪೋಲು ಮಾಡಿದರು ಎಂದು ನನ್ನ ವರದಿ ದೂರಿದ್ದ ಮನುಷ್ಯ ಅದನ್ನು ಉಳಿಸಿದ್ದರು.

ಎರಡನೇ ವರದಿ ಬರೆದೆ. ಮುಖ್ಯಸ್ಥರು ಓದಿ ನನ್ನನ್ನು ಕರೆದರು.

"ಚೂಡಮ್ಮಾ, ಇದನ್ನ 'ಹೆಚ್ಚುವರಿ ಅವಲೋಕನ' ಅಂತ ಬರಿ. ಹೊಸ ಮಾಹಿತಿ ಸಿಕ್ಕಿತು, ನಿರ್ಣಯ ಪರಿಷ್ಕರಿಸಿದ್ದೇವೆ, ಅಷ್ಟು ಸಾಕು. 'ತಪ್ಪು' ಅನ್ನೋ ಪದ ಯಾಕೆ?"

"ಹೊಸ ಮಾಹಿತಿ ಅಲ್ಲ ಸರ್. ಮೊದಲೇ ನಮ್ಮ ಹತ್ತಿರ ಇತ್ತು. ನಾನೇ ಅಳಿಸಿದ್ದೆ."

"ಅದು ಯಾರಿಗೆ ಗೊತ್ತಿದೆ?"

"ನನಗೆ ಗೊತ್ತಿದೆ. ಒಬ್ಬರ ಕೆಲಸ ಹೋಗಿದೆ ಸರ್."

ಅವರು ಕೆಟ್ಟವರಲ್ಲ. ಒಂಬತ್ತು ಜನರ ಸಂಬಳ ಅವರ ತಲೆಯ ಮೇಲಿತ್ತು. ಒಂದು ದಿನ ಯೋಚಿಸಿ ಬಂದು ಹೇಳಿದರು: "ಕಳಿಸು. ಆದರೆ ನಿನ್ನೊಬ್ಬಳ ಸಹಿಯಲ್ಲಿ ಹೋಗಲಿ. ಕಚೇರಿಯ ಮುದ್ರೆ ಬೇಡ." 'ಮೊದಲ ವರದಿಯ ನಿರ್ಣಯ ತಪ್ಪು, ನಿರ್ವಹಣಾ ಪದ್ಧತಿಯಲ್ಲಿ ದೋಷವಿರಲಿಲ್ಲ' ಎಂದು ಮೊದಲ ಪುಟದಲ್ಲೇ ಬರೆದು, ಸಹಿ ಹಾಕಿ ಕಳಿಸಿದೆ. ಇದೊಂದು ಮಾಡಿದರೆ ಉಳಿದದ್ದು ತಾನಾಗಿ ಸರಿಹೋಗುತ್ತದೆ ಎಂಬ ನಂಬಿಕೆ ನನ್ನಲ್ಲಿ ಇನ್ನೂ ಇತ್ತು.

ಸಭೆ ಕರೆದರು. ವ್ಯವಸ್ಥಾಪಕರು ವರದಿಯನ್ನು ಪೂರ್ತಿ ಓದಿದ್ದರು, ಹೊಗಳಿದರು. "ಗೋಡೆ ತೆಗೆಯುವುದು ಆಗದ ಮಾತು ಮೇಡಂ. ಅದರ ಮೇಲೆ ಬಾಡಿಗೆದಾರರ ಹೆಸರಿದೆ, ಒಪ್ಪಂದದಲ್ಲೇ ಇದೆ. ಇನ್ನೊಂದು ಚಿಲ್ಲರು ಹಾಕಿಬಿಟ್ಟರೆ? ನಾಲ್ಕಿದ್ದರೆ ಸಾಕಾಗುತ್ತದೆಯೇ, ನಿಮ್ಮ ಮಾಡೆಲ್‌ನಲ್ಲಿ ನೋಡಿ ಹೇಳಿ." ಆಪರೇಟರ್ ವಿಷಯ ಎತ್ತಿದೆ. ಅದು ಗುತ್ತಿಗೆದಾರರಿಗೆ ಬಿಟ್ಟದ್ದು ಅಂದರು. ಗುತ್ತಿಗೆದಾರರ ಕಚೇರಿಗೆ ಫೋನು ಮಾಡಿದೆ. ಅವರು ಈಗ ನಮ್ಮಲ್ಲಿಲ್ಲ, ಜಾಗ ಖಾಲಿ ಇಲ್ಲ ಅಂದರು. ವರದಿಯ ಪ್ರತಿ ಕಳಿಸಲೇ ಎಂದೆ. ಕಳಿಸಿ ಅಂದರು. ಕಳಿಸಿದೆ.

ನಾಲ್ಕನೇ ಚಿಲ್ಲರಿನ ಮಾಡೆಲ್ ಮಾಡಿದವಳೂ ನಾನೇ. ಅದಕ್ಕೆ ಒಂದು ವಾರ ಹಿಡಿಯಿತು. ಒಂದು ಗೋಡೆ ಕಳಚಿದರೆ ಮುಗಿಯುವ ಕೆಲಸಕ್ಕೆ ಇನ್ನೊಂದು ಯಂತ್ರ, ಅದರ ಪಂಪು, ಅದರ ಶಾಖ. ಆ ಶಾಖವೂ ಅದೇ ಗೋಡೆಯ ಒಳಗೇ ಹೋಗಿ ಸುತ್ತುವುದು. ಸಾಕಾಗುತ್ತದೆ ಎಂದು ಮಾಡೆಲ್ ಉತ್ತರ ಕೊಟ್ಟಿತು. ಹಾಗೆಂದೇ ಬರೆದುಕೊಟ್ಟೆ.

ಕಾಕಾನನ್ನು ಹುಡುಕುವಷ್ಟರಲ್ಲಿ ಜೂನ್ ಮುಗಿಯಿತು. ಕಟ್ಟಡದ ಪಂಪ್ ಮೆಕ್ಯಾನಿಕ್ ಒಬ್ಬ ವಿಳಾಸ ಕೊಟ್ಟ. ನಾಚಾರಂ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಐಸ್ ಫ್ಯಾಕ್ಟರಿ. ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ. ಅಷ್ಟು ದಿನವೂ ಅವರು ಅಷ್ಟೇ ದೂರದಲ್ಲಿದ್ದರು.

ಭಾನುವಾರ ಬೆಳಿಗ್ಗೆ ಹೋದೆ. ಅಮೋನಿಯಾ ವಾಸನೆ ಕಣ್ಣು ಉರಿಸುತ್ತಿತ್ತು. ಹಳೆಯ ಕಂಪ್ರೆಸರಿನ ಪಕ್ಕ ಅವರು ಮೊಣಕಾಲೂರಿ ಕೂತು ಬೆಲ್ಟು ಬಿಗಿಯುತ್ತಿದ್ದರು. ನನ್ನನ್ನು ನೋಡಿ ಎದ್ದರು. ಸಿಟ್ಟು ಮಾಡುತ್ತಾರೆಂದುಕೊಂಡಿದ್ದೆ. ಕೈ ಒರೆಸಿಕೊಂಡು, ಕೂರಲು ಒಂದು ಡಬ್ಬಿ ಮಗುಚಿ ಇಟ್ಟರು.

"ಆರಾಮ ಅದೀರೇನ್ರಿ ಅಕ್ಕಾರ?"

ನಾನು ಹೇಳಬೇಕಾದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಥರ್ಮಾಮೀಟರ್ ಸರಿಯಿತ್ತು, ನೀವು ಹೇಳಿದ್ದೇ ಖರೆ, ತಪ್ಪು ನನ್ನದು. ಅವರು ತಲೆ ಅಲ್ಲಾಡಿಸುತ್ತಾ ಕೇಳಿದರು. ಬೇರೆ ದೊಡ್ಡ ಕಟ್ಟಡಗಳಲ್ಲಿ ಕೆಲಸ ಕೇಳಲಿಲ್ಲವೇ ಎಂದೆ.

"ಮೂರು ಕಡೆ ಹೋಗಿದ್ನಿರಿ. ಅನುಭವದ ಸರ್ಟಿಫಿಕೇಟ್ ಕೇಳ್ತಾರ. ಅದರಾಗ 'ಕರ್ತವ್ಯಲೋಪದ ಮ್ಯಾಲ ತೆಗೆಯಲಾಗಿದೆ' ಅಂತ ಬರದಾರ. ಅದನ್ನ ತೋರಿಸೋದಕ್ಕಿಂತ ಇದು ಚಲೋ. ಇಲ್ಲಿ ಯಾರೂ ಏನೂ ಕೇಳಂಗಿಲ್ಲ."

ಚೀಲದಿಂದ ಎರಡನೇ ವರದಿಯನ್ನು ತೆಗೆದು ಅವರ ಕೈಗೆ ಕೊಟ್ಟೆ. ಇಂಗ್ಲಿಷ್ ಅವರಿಗೆ ಅಷ್ಟು ಬಾರದು. ಮೊದಲ ಪುಟವನ್ನು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದೆ. ನಿರ್ವಹಣಾ ಪದ್ಧತಿಯಲ್ಲಿ ದೋಷವಿರಲಿಲ್ಲ ಎಂಬ ಸಾಲು ಬಂದಾಗ ನನ್ನನ್ನು ತಡೆದರು.

"ಇದರಾಗ ನನ್ನ ಹೆಸರು ಎಲ್ಲೈತ್ರಿ?"

"ವರದಿಯೊಳಗ ಹೆಸರು ಬರೆಯಂಗಿಲ್ರಿ ಕಾಕಾ. ಮೊದಲನೇದ್ರಾಗೂ ಬರದಿರಲಿಲ್ಲ."

"ಹೌದಲ್ರಿ." ಅವರು ಸಿಟ್ಟಿಲ್ಲದೆ, ನನಗೆ ಏನೋ ತಿಳಿಸಿಕೊಡುವವರ ಹಾಗೆ ಹೇಳಿದರು. "ಮೊದಲನೇದ್ರಾಗ ಹೆಸರಿರಲಿಲ್ಲ. ಆದ್ರ ಎಲ್ಲಾರಿಗೂ ನಾನ ಅಂತ ತಿಳೀತು. ಇದ್ರಾಗೂ ಹೆಸರಿಲ್ಲ. ಇದು ನಾನ ಅಂತ ಯಾರಿಗೆ ತಿಳೀತೈತ್ರಿ?"

ಪೆನ್ನು ತೆಗೆದೆ. ಅಂಚಿನಲ್ಲಿ ಬರೆಯುತ್ತೇನೆ, ಸಹಿ ಹಾಕುತ್ತೇನೆ, ಇದನ್ನೇ ಗುತ್ತಿಗೆದಾರರಿಗೆ ಮತ್ತೆ ಕಳಿಸುತ್ತೇನೆ ಎಂದೆ. ಪೆನ್ನನ್ನು ಹಾಳೆಗೆ ಒತ್ತಿದವಳು ಹಾಗೇ ನಿಂತೆ. ಒಂದು ವರ್ಷದ ಅವರ ಅಂಕಿಗಳನ್ನು ಎರಡೆರಡು ಸಲ ಹತ್ತಿಸಿದ್ದ ನನಗೆ, ಲಾಗ್ ಶೀಟಿನ ಕೆಳಗಿನ ಎರಡಕ್ಷರದ ಸಹಿ ಬಿಟ್ಟರೆ ಅವರ ಹೆಸರು ಗೊತ್ತಿರಲಿಲ್ಲ.

ನನ್ನ ಮುಖ ನೋಡಿ ಅವರಿಗೆ ತಿಳಿಯಿತೆಂದು ಕಾಣುತ್ತದೆ. ಸರ್ಕಾರಿ ಕಚೇರಿಯ ಕಿಟಕಿಯ ಮುಂದೆ ನಿಂತವರ ಹಾಗೆ ತಮ್ಮ ಹೆಸರು, ತಂದೆಯ ಹೆಸರು, ಊರು, ತಾಲೂಕು ಬಿಡಿಸಿ ಬಿಡಿಸಿ ಹೇಳಿದರು. ಬರೆದುಕೊಂಡೆ. ಹಾಳೆಯನ್ನು ಅವರತ್ತ ಚಾಚಿದೆ. ಒಮ್ಮೆ ನೋಡಿ, ನೀಟಾಗಿ ಮಡಚಿ, ನನ್ನ ಚೀಲದಲ್ಲೇ ಇಟ್ಟರು.

"ನೀವ ಇಟ್ಕೋರಿ ಅಕ್ಕಾರ. ನಿಮ್ಮ ಕೆಲಸಕ್ಕ ಬರತೈತಿ."

ಆಮೇಲೆ ಮತ್ತೆ ಮೊಣಕಾಲೂರಿ ಕೂತು, ಬೆಲ್ಟಿನ ಬಿಗಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡತೊಡಗಿದರು.